ಹಿರಿಯರ ನಾಯಕತ್ವ, ಕಿರಿಯರ ಏಳಿಗೆ

ಹೈದರಾಬಾದಿನ ಅಬಿಡ್ಸ್ ವೃತ್ತಕ್ಕೆ ಸಮೀಪದಲ್ಲಿರುವ ಗನ್‌ಫೌಂಡ್ರಿಯಲ್ಲಿ 1942ರ ಏಪ್ರಿಲ್ 5ರಂದು ಹೈದರಾಬಾದ್ ಸ್ಟೇಟ್ ಬ್ಯಾಂಕು ವ್ಯವಹಾರವನ್ನಾರಂಭಿಸಿತು. ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಅಂದು ನಿಜಾಮ ಸಂಸ್ಥಾನದಲ್ಲಿದ್ದುವು. 1956ರಲ್ಲಿ ಅವು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಆ ಬ್ಯಾಂಕಿನ ಶಾಖೆಗಳು ಅಲ್ಲಿ ಮುಂದುವರಿದುವು. ಆದುದರಿಂದ ಅನೇಕ ಕನ್ನಡಿಗರಿಗೆ ಈ ಬ್ಯಾಂಕು ಅನ್ನವನ್ನಿತ್ತ ಸಂಸ್ಥೆ ಮಾತ್ರವಲ್ಲದೆ ಕೆಲಸ ಕಲಿಸಿದ ಪಾಠಶಾಲೆಯೂ ಆಯಿತು. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ನಾಮಫಲಕ ಬದಲಾದರೂ, ಕಿರಿಯನು ಹಿರಿಯನ ಮಗ್ಗುಲಲ್ಲಿ ಕುಳಿತು ಕಲಿಯುವ ಪದ್ಧತಿ ಎಲ್ಲ ಬ್ಯಾಂಕುಗಳಲ್ಲಿಯೂ ಉಳಿದುಬಂದಿದೆ.

ಈ ಕಲಿಕೆಯ ಫಲ ಹಿರಿಯನ ನಾಯಕತ್ವದ ರೀತಿಯನ್ನು ಅವಲಂಬಿಸಿದೆ. ಕರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳು 1939ರಲ್ಲಿ ಬಾಲಕರ ಗುಂಪುಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಅಪ್ಪಣೆಯಿಂದಲೇ ಆಳುವ ನಾಯಕನು ಕೊಠಡಿಯಿಂದ ಹೊರಗೆ ಹೋದೊಡನೆ ಕೆಲಸ ಕುಂಠಿತವಾಗುತ್ತಿತ್ತು. ಸಮಾಲೋಚಿಸಿ ನಡೆಸುವವನು ಹೋದಾಗ ಅದು ಬಹುಮಟ್ಟಿಗೆ ಹಾಗೆಯೇ ಸಾಗುತ್ತಿತ್ತು.

ಬ್ಯಾಂಕಿನ ಶಾಖೆಯಲ್ಲಿಯೂ ಈ ಭೇದವನ್ನು ಕಾಣಬಹುದು. ಕಿರಿಯ ಅಧಿಕಾರಿಯೊಬ್ಬನು ವ್ಯಾಪಾರಿಯ ಸಾಲದ ಅರ್ಜಿಯನ್ನು ಪರಿಶೀಲಿಸಿ ಮುಂದಿಡುತ್ತಾನೆಂದು ಭಾವಿಸೋಣ. ಒಬ್ಬ ವ್ಯವಸ್ಥಾಪಕರು ಕಾರಣ ಹೇಳದೆ ಕಡತವನ್ನು ಹಿಂದಿರುಗಿಸುತ್ತಾರೆ. ಇನ್ನೊಬ್ಬರು ಓದದೆಯೇ ಸಹಿ ಹಾಕುತ್ತಾರೆ. ಮೂರನೆಯವರು ಕುರ್ಚಿಯನ್ನು ತೋರಿಸಿ, ಈ ಮೊತ್ತವೇ ಏಕೆ, ದಾಸ್ತಾನಿನ ಬೆಲೆ ನಿಜವೇ, ಬಾಕಿ ವಸೂಲಿಗೆ ಎಷ್ಟು ತಿಂಗಳು ಹಿಡಿಯುತ್ತದೆ ಎಂದು ಪ್ರಶ್ನಿಸುತ್ತಾರೆ. ಮೊದಲನೆಯವರಿಂದ ಅವನು ಭಯವನ್ನೂ ಎರಡನೆಯವರಿಂದ ಅಜಾಗರೂಕತೆಯನ್ನೂ ಕಲಿಯುತ್ತಾನೆ. ಮೂರನೆಯವರಿಂದ ಮಾತ್ರವೇ ಬ್ಯಾಂಕಿಂಗನ್ನು ಕಲಿಯುತ್ತಾನೆ. ಬಡ್ತಿಯ ಸಂದರ್ಶನದಲ್ಲಿ ಈ ವ್ಯತ್ಯಾಸ ಬಯಲಾಗದೆ ಇರದು.

ಕ್ಯಾಥಿ ಕ್ರಾಮ್ ಅವರು 1985ರ ತಮ್ಮ ಗ್ರಂಥದಲ್ಲಿ ಮಾರ್ಗದರ್ಶಕನ ಕಾರ್ಯವನ್ನು ಎರಡಾಗಿ ವಿಂಗಡಿಸಿದರು: ಸವಾಲಿನ ಕೆಲಸ ವಹಿಸಿ ಮುಂದೆ ತರುವುದು ಒಂದು, ಮನಸ್ಸಿಗೆ ಧೈರ್ಯ ತುಂಬುವುದು ಇನ್ನೊಂದು. ತವರಿನಿಂದ ದೂರವಿರುವ ನೌಕರನಿಗೆ ಎರಡನೆಯದೂ ಮೊದಲನೆಯದರಷ್ಟೇ ಅವಶ್ಯ. ಇದು ಆರೋಗ್ಯದ ಪ್ರಶ್ನೆಯೂ ಹೌದು. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಕುರಿತ ವೈಟ್‌ಹಾಲ್ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು.

ಆದರೆ ಆಸರೆ ಪಕ್ಷಪಾತವಾಗಬಾರದು. ನಮ್ಮ ಭಾಷೆಯವನೆಂಬ ಕಾರಣಕ್ಕೆ ಒಬ್ಬನ ತಪ್ಪನ್ನು ಮುಚ್ಚಿದರೆ ಅವನ ಬೆಳವಣಿಗೆಯೂ ನಿಲ್ಲುತ್ತದೆ, ಇತರರ ವಿಶ್ವಾಸವೂ ಹೋಗುತ್ತದೆ. ಅಬಿಡ್ಸ್‌ನಲ್ಲಿ ಕೆಲಸಕ್ಕೆ ಸೇರಿದ ಕನ್ನಡಿಗ ತರುಣನಿಗೆ ಗ್ರಾಹಕರ ತೆಲುಗು, ಉರ್ದುಗಳನ್ನು ಕಲಿಯೆಂದು ಒತ್ತಾಯಿಸುವ ಹಿರಿಯರೇ ನಿಜವಾದ ಹಿತೈಷಿಗಳು.

ಬ್ಯಾಂಕಿನ ಭದ್ರಕೋಠಡಿಯ ಕೀಲಿಗಳು ಇಬ್ಬರ ಜಂಟಿ ವಶದಲ್ಲಿರುತ್ತವೆ. ಒಬ್ಬನೇ ಅದನ್ನು ತೆರೆಯಲಾರ. ಅನುಭವಕ್ಕೆ ಮಾತ್ರ ಇಂತಹ ನಿಯಮವಿಲ್ಲ. ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಕನಿಷ್ಠ 10 ಕೆಲಸದ ದಿನಗಳ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಅಕ್ರಮಗಳನ್ನು ತಡೆಯುವುದು ಅದರ ಉದ್ದೇಶ. ಆದರೂ ಆ ಹತ್ತು ದಿನಗಳು ಇನ್ನೊಂದು ಸಂಗತಿಯನ್ನು ಹೊರಗೆಡಹುತ್ತವೆ: ಮೇಲಧಿಕಾರಿಯ ಕುರ್ಚಿ ಬರಿದಾದಾಗ ಕೆಲಸವನ್ನು ವಹಿಸಿಕೊಳ್ಳಬಲ್ಲ ಕಿರಿಯನೊಬ್ಬನು ಸಿದ್ಧನಾಗಿದ್ದಾನೆಯೇ? ಇದಕ್ಕೆ ಹೌದೆಂದು ಉತ್ತರಿಸಬಲ್ಲ ಹಿರಿಯರು ವರ್ಗವಾಗಿ ಹೋದರೂ, ನಿವೃತ್ತರಾದರೂ, ಅವರು ಕಲಿಸಿದ ಕೆಲಸ ಶಾಖೆಯಲ್ಲಿ ನಡೆಯುತ್ತಲೇ ಇರುತ್ತದೆ.