ಬೀಳಲಿಕ್ಕೂ ಒಂದು ಟೀಮು

ಡಿರೇಲರ್ ಹ್ಯಾಂಗರ್ ಅಂತ ಒಂದು ಅಲ್ಯೂಮಿನಿಯಂ ತುಂಡು ಇದೆ, ಹೆಬ್ಬೆರಳಿನಷ್ಟುದ್ದ. ಗೇರ್ ಸೈಕಲ್ಲಿನ ಹಿಂದಿನ ಚಕ್ರದ ಪಕ್ಕ, ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್ ನೇತಾಡುವುದು ಇದರ ಮೇಲೆ. ಇದನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ. ಸೈಕಲ್ಲು ಬಿದ್ದರೆ ಮೊದಲು ಇದು ಮುರಿಯಲಿ, ಫ್ರೇಮು ಉಳಿಯಲಿ ಅಂತ. ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಎಷ್ಟೋ ಸಲ ಅದೇ ಕಂಪನಿಯ ಬೇರೆ ಮಾಡೆಲ್ಲಿಗೂ ಕೂರುವುದಿಲ್ಲ. ಮಲೆನಾಡಿನ ಭಂಡಿಗಡಿಯ ನಮ್ಮ ನಾಲ್ವರ ತಂಡಕ್ಕೆ ಮೌಂಟೇನ್ ಬೈಕ್ ರೇಸೆಂದರೇನು ಅಂತ ಕಲಿಸಿಕೊಟ್ಟದ್ದು ಈ ತುಂಡು.

ಊರಿನ ಹೆಸರಲ್ಲೇ ಬಂಡಿ ಇದೆ ಅಂತ ನಾವು ಹೊರಗಿನವರ ಹತ್ತಿರ ಕೊಚ್ಚಿಕೊಳ್ಳುವುದುಂಟು. ಹೆಸರಿನ ಮೂಲ ಅದೇ ಅಂತ ವಾದಕ್ಕೆ ನಿಲ್ಲುವವನಲ್ಲ ನಾನು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಗುಡ್ಡದ ಮೇಲೆ ಸೈಕಲ್ ಹೊಡೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಗೇರಿಲ್ಲದ ಕಬ್ಬಿಣದ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿ, ಜಂಬಿಟ್ಟಿಗೆಯ ಏರಿನಲ್ಲಿ ತಳ್ಳಿ, ಇಳಿಜಾರಿನಲ್ಲಿ ಬ್ರೇಕಿಗೆ ಬದಲು ಚಪ್ಪಲಿ ತಿಕ್ಕಿದವರು ನಮ್ಮ ಹಿಂದಿನವರು. ಹೆಸರು ಮಾತ್ರ ಇಟ್ಟಿರಲಿಲ್ಲ.

ಹೆಸರಿಟ್ಟವರು ಅಮೆರಿಕದವರು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಒಂದಷ್ಟು ಹುಡುಗರು ಗುಜರಿಯ ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಬಿಟ್ಟು, ಗಡಿಯಾರ ಹಿಡಿದು ಪಂದ್ಯ ಕಟ್ಟಿದರು. ಹಿಂಬದಿಯ ಹಬ್ಬಿನ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತಂತೆ. ಪ್ರತಿ ಇಳಿತದ ನಂತರ ಹಬ್ಬಿಗೆ ಹೊಸ ಗ್ರೀಸು ತುಂಬಬೇಕಾದ್ದರಿಂದ ಆ ರೇಸಿಗೆ ‘ರೀಪ್ಯಾಕ್’ ಅಂತಲೇ ಹೆಸರಾಯಿತು. ಹವ್ಯಾಸಿಗಳ ಆ ಹುಚ್ಚು 1990ಕ್ಕೆ ವಿಶ್ವ ಚಾಂಪಿಯನ್‌ಶಿಪ್, 1996ಕ್ಕೆ ಅಟ್ಲಾಂಟಾ ಒಲಿಂಪಿಕ್ಸ್ ತಲುಪಿತು.

ಇದರಲ್ಲಿ ಹೆಚ್ಚು ನಡೆಯುವುದು ಕ್ರಾಸ್‌ಕಂಟ್ರಿ. ನಾಲ್ಕರಿಂದ ಆರು ಕಿಲೋಮೀಟರಿನ ಒಂದು ಸುತ್ತು ಗುರುತು ಹಾಕಿರುತ್ತಾರೆ, ಅದನ್ನೇ ಮತ್ತೆ ಮತ್ತೆ ಸುತ್ತಬೇಕು. ಮುಂದಿದ್ದವನು ಒಂದು ಸುತ್ತು ಹೆಚ್ಚು ಹೊಡೆದು ಹಿಂದಿನಿಂದ ಬಂದು ಮುಟ್ಟುವ ಹೊತ್ತಿಗೆ ನಿಧಾನದವರನ್ನು ಟ್ರ್ಯಾಕಿನಿಂದ ಎಬ್ಬಿಸಿ ಕಳಿಸುತ್ತಾರೆ. ಮದುವೆ ಮನೆಯಲ್ಲಿ ಎಲೆ ತೆಗೆದ ಹಾಗೆ. ಸೈಕಲ್ಲು ಕೆಟ್ಟರೆ ಹೊರಗಿನವರ ಸಹಾಯ ಗೊತ್ತುಮಾಡಿದ ಜಾಗದಲ್ಲಿ ಮಾತ್ರ. ಆದರೆ ಅಂತರರಾಷ್ಟ್ರೀಯ ನಿಯಮದಲ್ಲೂ ಒಂದು ಒಳ್ಳೆಯ ಸಡಿಲಿಕೆ ಇದೆ: ಒಂದೇ ತಂಡದ ಸವಾರರು ದಾರಿಯಲ್ಲಿ ಎಲ್ಲಿ ಬೇಕಾದರೂ ಒಬ್ಬರಿಗೊಬ್ಬರು ಕೈಹಚ್ಚಬಹುದು. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುವ ಕೇಪ್ ಎಪಿಕ್ ರೇಸಿನದ್ದು ಇನ್ನೂ ಬಿಗಿ. ಅಲ್ಲಿ ಇಬ್ಬಿಬ್ಬರ ಜೋಡಿ, ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ದಂಡ. ಎಷ್ಟೋ ಸಂಸಾರಗಳಿಗೆ ಈ ನಿಯಮ ಅನ್ವಯಿಸಿದರೆ ಕಷ್ಟ.

ನಮ್ಮ ನಾಲ್ವರಲ್ಲಿ ಒಬ್ಬ ಗ್ಯಾರೇಜಿನವನು, ಒಬ್ಬರು ಮೇಷ್ಟ್ರು, ಒಬ್ಬ ಊರಿಂದಲೇ ಬೆಂಗಳೂರಿನ ಕೆಲಸ ಮಾಡುವ ಸಾಫ್ಟ್‌ವೇರ್ ಹುಡುಗ, ನಾಲ್ಕನೆಯವನು ನಾನು. ಮೊದಲ ರೇಸು ಬೆಂಗಳೂರಿನ ಆಚೆ ಒಂದು ಒಣ ಗುಡ್ಡದಲ್ಲಿ. ಕೆಸರಲ್ಲಿ ಹುಟ್ಟಿದ ನಮಗೆ ಇದೆಷ್ಟರದ್ದು ಅಂದುಕೊಂಡೇ ಹೋದದ್ದು. ಅಲ್ಲಿದ್ದದ್ದು ಕೆಸರಲ್ಲ, ರಾಗಿ ಚೆಲ್ಲಿದ ಹಾಗೆ ಉರುಳುವ ಗರಸು. ಮೊದಲ ತಿರುವಿನಲ್ಲೇ ಮುಂದಿನ ಬ್ರೇಕ್ ಒತ್ತಿದೆ, ಚಕ್ರ ತನ್ನ ದಾರಿ ಹಿಡಿಯಿತು, ನಾನು ನನ್ನದು. ಎರಡನೇ ಸುತ್ತಿಗೆ ಜಾಲಿ ಮುಳ್ಳು. ಮಲೆನಾಡಿನಲ್ಲಿ ಟೈರಿಗೆ ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗದೆ ನಿಲ್ಲುತ್ತದೆ, ಬಯಲುಸೀಮೆಯಲ್ಲಿ ಗಾಳಿ ಹೋಗಿ ನಿಲ್ಲುತ್ತದೆ. ನಿಲ್ಲುವುದಂತೂ ಎರಡೂ ಕಡೆ ಖಾತ್ರಿ.

ಗ್ಯಾರೇಜಿನವನ ಹ್ಯಾಂಗರ್ ಮುರಿದದ್ದು ಮೂರನೇ ಸುತ್ತಿನಲ್ಲಿ. ಲಾರಿ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಮನುಷ್ಯ, ತನ್ನ ಸೈಕಲ್ಲಿನ ಮುಂದೆ ಬೆಪ್ಪಾಗಿ ಕೂತಿದ್ದ. ಹಿಂದೆ ಬಂದ ಸಾಫ್ಟ್‌ವೇರ್ ಹುಡುಗನ ಜೇಬಿನಲ್ಲಿ ಚೈನ್ ಬಿಚ್ಚುವ ಸಾಧನ ಇತ್ತು. ಇಬ್ಬರೂ ಸೇರಿ ಡಿರೇಲರನ್ನು ಕಿತ್ತು ಜೇಬಿಗೆ ಹಾಕಿ, ಚೈನಿನ ಏಳೆಂಟು ಕೊಂಡಿ ಕಳಚಿ, ನಡುವಿನ ಒಂದೇ ಹಲ್ಲುಗಾಲಿಗೆ ಬಿಗಿದು ಕಟ್ಟಿದರು. ಸಾವಿರಾರು ರೂಪಾಯಿಯ ಗೇರು ಸೈಕಲ್ಲು ಐದೇ ನಿಮಿಷದಲ್ಲಿ ಅಜ್ಜನ ಕಾಲದ ಸೈಕಲ್ಲಾಯಿತು. ಪಂಕ್ಚರ್ ಆದ ಚಕ್ರ ತಳ್ಳಿಕೊಂಡು ನಾನೂ ಅಲ್ಲಿಗೆ ಮುಟ್ಟಿದೆ. ಟ್ಯೂಬು ಯಾರದ್ದು, ಪಂಪು ಯಾಕೆ ತರಲಿಲ್ಲ ಅಂತ ಪೊದೆಯ ಪಕ್ಕ ಸಣ್ಣ ಜಗಳವೂ ಆಯಿತು. ಮೂವರನ್ನೂ ಒಟ್ಟಿಗೇ ಟ್ರ್ಯಾಕಿನಿಂದ ಎಬ್ಬಿಸಿದರು. ಇದೊಂದೂ ಗೊತ್ತಿಲ್ಲದೆ ಮೇಷ್ಟ್ರು ಒಬ್ಬರೇ ರೇಸು ಮುಗಿಸಿ, ಹನ್ನೊಂದನೆಯವರಾಗಿ, ಚಪ್ಪಾಳೆ ತಟ್ಟಲು ನಮ್ಮವರು ಯಾರೂ ಕಾಣದೆ, ಬಾಳೆಹಣ್ಣು ತಿನ್ನುತ್ತಾ ನಿಂತಿದ್ದರು. ಆ ಮುನಿಸು ಅವರಿಗೆ ಇನ್ನೂ ಪೂರ್ತಿ ಇಳಿದಿಲ್ಲ.

ರಾಜ್ಯದಲ್ಲಿ ಈ ಆಟದ ಗಟ್ಟಿ ನೆಲ ಮಲೆನಾಡಲ್ಲ ಅನ್ನುವುದು ನನ್ನನ್ನು ಸ್ವಲ್ಪ ಚುಚ್ಚುತ್ತದೆ. ಸೈಕ್ಲಿಂಗ್ ಹಾಸ್ಟೆಲುಗಳು ಇರುವುದು ವಿಜಯಪುರ, ಬಾಗಲಕೋಟೆ ಕಡೆ. ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ಬಂದದ್ದು ಗದಗಕ್ಕೆ. ಹವ್ಯಾಸಿಗಳಿಗೆ ಬೆಂಗಳೂರಿನಲ್ಲಿ ಬಿಬಿಸಿಎಚ್ ಅನ್ನುವ ಸೈಕಲ್ ರೇಸುಗಳ ಸರಣಿ ಇದೆ. ನಮ್ಮಲ್ಲಿ ಗುಡ್ಡವಿದೆ, ಪುರುಸೊತ್ತಿಲ್ಲ. ರೇಸಿಗೆ ಹೇಳಿ ಮಾಡಿಸಿದ ಹವೆ ಮಳೆ ನಿಂತ ಮೇಲಿನದು, ಅಡಿಕೆ ಕೊಯ್ಲೂ ಆಗಲೇ. ಕೊನೆಗಾರ ಬರುವ ದಿನ ಸೈಕಲ್ ಏರಿ ಹೊರಟರೆ ಮನೆಯಲ್ಲಿ ಆಗುವ ಪಂದ್ಯ ಬೇರೆ. ಹಾಗಾಗಿ ನಮ್ಮ ಅಭ್ಯಾಸವೆಲ್ಲ ಮಳೆಗಾಲದಲ್ಲಿ: ಹಾವಸೆ ಕಟ್ಟಿದ ಕಲ್ಲು, ಜಾರುವ ಅಡಿಕೆ ಮರದ ಸಂಕ, ಸಾಕ್ಸಿನೊಳಗೆ ಇಂಬಳ. ಅದನ್ನು ಬಿಡಿಸಲು ಸುಣ್ಣದ ಡಬ್ಬಿ ಟೂಲ್‌ಕಿಟ್ಟಿನಲ್ಲೇ ಇರುತ್ತದೆ.

ಹೊಸದಾಗಿ ಶುರು ಮಾಡುವವರು ಫುಲ್ ಸಸ್ಪೆನ್ಷನ್ ಹಿಂದೆ ಬೀಳಬೇಡಿ. ಡಿಸ್ಕ್ ಬ್ರೇಕ್ ಇರಲಿ. ಮಳೆಯಲ್ಲಿ ರಿಮ್ಮಿಗೆ ಹಿಡಿಯುವ ಬ್ರೇಕು ಬರೀ ಶಬ್ದ ಮಾಡುತ್ತದೆ. ಹೆಲ್ಮೆಟ್ಟಿನಲ್ಲಿ ಚೌಕಾಸಿ ಬೇಡ. ನಿಮ್ಮದೇ ಸೈಕಲ್ಲಿನ ಹ್ಯಾಂಗರ್ ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿರಿ. ಅರಣ್ಯದ ದಾರಿಗೆ ಇಲಾಖೆಯನ್ನು, ತೋಟದ ದಾರಿಗೆ ತೋಟದವರನ್ನು ಕೇಳಿ. ಮತ್ತೆ, ಬೇಲಿ ದಾಟಲು ಉಣುಗೋಲು ಸರಿಸಿದವರು ದಯವಿಟ್ಟು ಮೂರು ಗಳುವನ್ನೂ ತಿರುಗಿ ಸಿಕ್ಕಿಸಿ ಹೋಗಿ. ಕಳೆದ ಸಲ ನಾವು ಎರಡೇ ಸಿಕ್ಕಿಸಿ ಬಂದಿದ್ದೆವು. ದನ ನುಗ್ಗಿ ತಿಂದ ಬಾಳೆಗೆ ನಾಲ್ವರೂ ಸೇರಿ ದುಡ್ಡು ಕೊಟ್ಟಿದ್ದೇವೆ.