ಯೋಬನ ಗ್ರಂಥ

ಯೋಬನ ಗ್ರಂಥವು ಬೈಬಲ್ಲಿನ ಹಳೆಯ ಒಡಂಬಡಿಕೆಗೆ ಸೇರಿದ, 42 ಅಧ್ಯಾಯಗಳ ಒಂದು ಗ್ರಂಥ. ಯೆಹೂದಿ ಸಂಪ್ರದಾಯದಲ್ಲಿ ಇದು ಹೀಬ್ರೂ ಬೈಬಲ್ಲಿನ ಮೂರನೆಯ ವಿಭಾಗವಾದ ‘ಕೆತುವೀಮ್’ನಲ್ಲಿ, ಅಂದರೆ ‘ಬರಹಗಳು’ ಎಂಬ ಭಾಗದಲ್ಲಿ ಬರುತ್ತದೆ. ನಿರಪರಾಧಿಯಾದ ಮನುಷ್ಯನು ಏಕೆ ಸಂಕಟಪಡಬೇಕು, ನ್ಯಾಯವಂತನೂ ಸರ್ವಶಕ್ತನೂ ಆದ ದೇವರು ಅದಕ್ಕೆ ಏಕೆ ಎಡೆಗೊಡುತ್ತಾನೆ ಎಂಬ ಪ್ರಶ್ನೆಯೇ ಇದರ ವಸ್ತು. ಕ್ರೈಸ್ತ ಧರ್ಮದಲ್ಲಿ ದುಃಖವನ್ನು ಕುರಿತು ನಡೆದ ಚಿಂತನೆಯಲ್ಲಿ ಈ ಗ್ರಂಥಕ್ಕೆ ಮುಖ್ಯವಾದ ಸ್ಥಾನವಿದೆ.

ರಚನೆ ಮತ್ತು ಕಾಲ

ಗ್ರಂಥಕರ್ತನ ಹೆಸರು ತಿಳಿದುಬಂದಿಲ್ಲ. ಯೆಹೂದಿಗಳ ತಾಲ್ಮುದ್ ಇದನ್ನು ಮೋಶೆಯ ರಚನೆಯೆಂದು ಹೇಳುತ್ತದೆ. ಆಧುನಿಕ ವಿದ್ವಾಂಸರಲ್ಲಿ ಬಹುಮಂದಿ ಇದರ ಕಾಲವನ್ನು ಕ್ರಿ.ಪೂ. 6ರಿಂದ 4ನೆಯ ಶತಮಾನಗಳ ನಡುವೆ ಇರಿಸುತ್ತಾರೆ. ಯೋಬನ ಕಥೆ ಮಾತ್ರ ಇದಕ್ಕಿಂತ ಹಳೆಯದಾಗಿರಬಹುದು. ಪ್ರವಾದಿ ಯೆಹೆಜ್ಕೇಲನ ಗ್ರಂಥವು ನೋಹ ಮತ್ತು ದಾನಿಯೇಲರ ಜೊತೆಯಲ್ಲಿ ಯೋಬನನ್ನು ಪ್ರಸಿದ್ಧ ಧರ್ಮಿಷ್ಠನೆಂದು ಹೆಸರಿಸುತ್ತದೆ.

ಮೊದಲ ಎರಡು ಅಧ್ಯಾಯಗಳೂ ಕೊನೆಯ ಅಧ್ಯಾಯದ ಹೆಚ್ಚಿನ ಭಾಗವೂ ಗದ್ಯದಲ್ಲಿವೆ. ನಡುವಿನದೆಲ್ಲ ಬಹುಮಟ್ಟಿಗೆ ಪದ್ಯ. ಗದ್ಯದಲ್ಲಿ ಕಾಣುವ ಯೋಬನು ಸಹನಾಮೂರ್ತಿ. ಪದ್ಯದ ಯೋಬನಾದರೋ ದೇವರನ್ನೇ ನ್ಯಾಯಾಲಯಕ್ಕೆ ಕರೆಯುವವನು. ಈ ಎರಡು ಚಿತ್ರಗಳಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂಬುದರ ಮೇಲೆಯೇ ಮುಂದಿನ ವ್ಯಾಖ್ಯಾನಗಳು ಕವಲೊಡೆದಿವೆ.

ಕಥಾಸಾರ

ಊಚ್ ದೇಶದ ಯೋಬನು ನಿರ್ದೋಷಿ, ದೈವಭಕ್ತ, ಸಿರಿವಂತ. ಅವನಿಗೆ ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು, 7,000 ಕುರಿಗಳು, 3,000 ಒಂಟೆಗಳು, 500 ಜೋಡಿ ಎತ್ತುಗಳು ಮತ್ತು 500 ಹೆಣ್ಣುಕತ್ತೆಗಳಿದ್ದವು. ಒಮ್ಮೆ ದೇವರ ಆಸ್ಥಾನದಲ್ಲಿ ಸೈತಾನನು ಕಾಣಿಸಿಕೊಳ್ಳುತ್ತಾನೆ. ಇಲ್ಲಿ ‘ಸೈತಾನ’ ಎಂಬುದು ಅಂಕಿತನಾಮವಲ್ಲ, ‘ಎದುರಾಳಿ’ ಅಥವಾ ‘ಆರೋಪ ಹೊರಿಸುವವನು’ ಎಂಬ ಹುದ್ದೆಯ ಹೆಸರು. ಮೂಲದಲ್ಲಿ ಅದಕ್ಕೆ ನಿರ್ದೇಶಕ ಪ್ರತ್ಯಯ ಹತ್ತಿದೆ. ಯೋಬನ ಭಕ್ತಿಯು ಲಾಭಕ್ಕಾಗಿ ನಡೆದಿರುವ ವ್ಯವಹಾರವೆಂದೂ ಇರುವುದನ್ನೆಲ್ಲ ಕಿತ್ತುಕೊಂಡರೆ ಅವನು ದೇವರನ್ನು ಶಪಿಸುವನೆಂದೂ ಸೈತಾನನು ವಾದಿಸುತ್ತಾನೆ. ದೇವರು ಪರೀಕ್ಷೆಗೆ ಒಪ್ಪುತ್ತಾನೆ.

ಒಂದೇ ದಿನದಲ್ಲಿ ನಾಲ್ವರು ದೂತರು ಒಬ್ಬರ ಹಿಂದೊಬ್ಬರಂತೆ ಬಂದು ಕೆಟ್ಟ ಸುದ್ದಿಯನ್ನು ತರುತ್ತಾರೆ. ಎತ್ತು, ಕತ್ತೆ, ಒಂಟೆಗಳು ಕೊಳ್ಳೆಗಾರರ ಪಾಲಾದವು. ಕುರಿಗಳು ಆಕಾಶದಿಂದ ಬಿದ್ದ ಬೆಂಕಿಗೆ ಸುಟ್ಟುಹೋದವು. ಮರುಭೂಮಿಯಿಂದ ಬೀಸಿದ ಬಿರುಗಾಳಿಗೆ ಮನೆ ಕುಸಿದು ಹತ್ತು ಮಕ್ಕಳೂ ಸತ್ತರು. ಎರಡನೆಯ ಪರೀಕ್ಷೆಯಲ್ಲಿ ಯೋಬನ ಮೈತುಂಬ ಹುಣ್ಣುಗಳೇಳುತ್ತವೆ. ಅವನು ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ. ಆದರೂ ದೇವರನ್ನು ದೂಷಿಸುವುದಿಲ್ಲ.

ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಅವನನ್ನು ಸಂತೈಸಲು ಬರುತ್ತಾರೆ. ಅವನ ಸ್ಥಿತಿಯನ್ನು ಕಂಡು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ಮಾತಿಲ್ಲದೆ ನೆಲದ ಮೇಲೆ ಕುಳಿತಿರುತ್ತಾರೆ. ಅವರು ಯೋಬನಿಗೆ ಮಾಡಿದ ಉಪಕಾರ ಇದೊಂದೇ ಎಂದು ಅನೇಕ ವ್ಯಾಖ್ಯಾನಕಾರರು ಹೇಳಿದ್ದಾರೆ.

ಗೆಳೆಯರ ವಾದ

ಮೂರನೆಯ ಅಧ್ಯಾಯದಲ್ಲಿ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಅಲ್ಲಿಂದ ಗೆಳೆಯರಿಗೂ ಅವನಿಗೂ ವಾದ ಆರಂಭವಾಗುತ್ತದೆ. ಗೆಳೆಯರ ನಿಲುವು ಸರಳವಾದದ್ದು: ದೇವರು ನ್ಯಾಯವಂತ, ಆತನು ಒಳ್ಳೆಯವರಿಗೆ ಒಳಿತನ್ನೂ ಕೆಟ್ಟವರಿಗೆ ಕೇಡನ್ನೂ ಕೊಡುತ್ತಾನೆ, ಯೋಬನಿಗೆ ಕೇಡು ಬಂದಿದೆ, ಆದುದರಿಂದ ಅವನು ಪಾಪಮಾಡಿರಲೇಬೇಕು.

ಆರಂಭದಲ್ಲಿ ಎಲೀಫಜನು ಮೃದುವಾಗಿಯೇ ಮಾತನಾಡುತ್ತಾನೆ. ಬಿಲ್ದದನು ಯೋಬನ ಸತ್ತ ಮಕ್ಕಳೇ ತಪ್ಪುಮಾಡಿರಬೇಕೆಂದು ಸೂಚಿಸುತ್ತಾನೆ. ಚೋಫರನು ಯೋಬನ ಪಾಪಕ್ಕೆ ಈ ಶಿಕ್ಷೆಯೂ ಕಡಿಮೆಯೇ ಎನ್ನುತ್ತಾನೆ. ವಾದ ಬೆಳೆದು 22ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಎಲೀಫಜನೇ ಯೋಬನ ಮೇಲೆ ನಿಶ್ಚಿತವಾದ ಅಪರಾಧಗಳನ್ನು ಹೊರಿಸುತ್ತಾನೆ: ಬಡವರ ಬಟ್ಟೆಯನ್ನು ಒತ್ತೆಯಾಗಿ ಕಸಿದುಕೊಂಡನಂತೆ, ಹಸಿದವರಿಗೆ ಅನ್ನ ಕೊಡಲಿಲ್ಲವಂತೆ, ವಿಧವೆಯರನ್ನು ಬರಿಗೈಯಲ್ಲಿ ಕಳುಹಿಸಿದನಂತೆ. ಇವಕ್ಕೆ ಯಾವ ಆಧಾರವೂ ಇಲ್ಲ. ಯೋಬನು ನಿರ್ದೋಷಿಯೆಂದು ಮೊದಲ ವಾಕ್ಯದಿಂದಲೇ ಬಲ್ಲ ಓದುಗನಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಸಿದ್ಧಾಂತವನ್ನು ಉಳಿಸಿಕೊಳ್ಳುವುದಕ್ಕಾಗಿ ಗೆಳೆಯರು ಮನುಷ್ಯನನ್ನು ಬಲಿಕೊಡುತ್ತಿದ್ದಾರೆ.

ಯೋಬನ ಪ್ರತಿವಾದ

ಯೋಬನು ದೇವರಿಲ್ಲವೆಂದು ಹೇಳುವುದಿಲ್ಲ. ತನ್ನಲ್ಲಿ ಯಾವ ದೋಷವೂ ಇಲ್ಲವೆಂದು ಹಟಹಿಡಿಯುವುದೂ ಇಲ್ಲ. ಒದಗಿದ ಸಂಕಟಕ್ಕೂ ತನ್ನ ನಡತೆಗೂ ಯಾವ ಅನುಪಾತವೂ ಇಲ್ಲ ಎಂಬುದೇ ಅವನ ಆಕ್ಷೇಪ. ದೇವರು ಏಕಕಾಲದಲ್ಲಿ ಪ್ರತಿವಾದಿಯೂ ನ್ಯಾಯಾಧೀಶನೂ ಆಗಿರುವುದರಿಂದ ತನ್ನ ಮೊಕದ್ದಮೆಯನ್ನು ಕೇಳುವವರು ಯಾರು, ಇಬ್ಬರ ಮೇಲೂ ಕೈಯಿಡಬಲ್ಲ ಮಧ್ಯಸ್ಥನೆಲ್ಲಿ ಎಂದು ಒಂಬತ್ತನೆಯ ಅಧ್ಯಾಯದಲ್ಲಿ ಕೇಳುತ್ತಾನೆ.

ಕ್ರಮೇಣ ಅವನ ದೃಷ್ಟಿ ತನ್ನೊಬ್ಬನ ನೋವನ್ನು ದಾಟಿ ಹೊರಗೆ ಹರಿಯುತ್ತದೆ. 21ನೆಯ ಅಧ್ಯಾಯದಲ್ಲಿ ಅವನು ದುಷ್ಟರು ನೆಮ್ಮದಿಯಿಂದ ಬಾಳಿ ಮುಪ್ಪಿನಲ್ಲಿ ಸಾಯುವುದನ್ನು ಎತ್ತಿ ತೋರಿಸುತ್ತಾನೆ. 24ನೆಯ ಅಧ್ಯಾಯದಲ್ಲಿ ಬರುವುದು ಬಡವರ ಚಿತ್ರ: ಹೊದಿಕೆಯಿಲ್ಲದೆ ಚಳಿಯಲ್ಲಿ ಮಲಗುವವರು, ಹಸಿದ ಹೊಟ್ಟೆಯಲ್ಲಿ ಇನ್ನೊಬ್ಬರ ಸಿವುಡುಗಳನ್ನು ಹೊರುವವರು, ಬಾಯಾರಿಕೊಂಡೇ ಇನ್ನೊಬ್ಬರ ದ್ರಾಕ್ಷಿಯನ್ನು ತುಳಿದು ರಸ ತೆಗೆಯುವವರು. 31ನೆಯ ಅಧ್ಯಾಯದಲ್ಲಿ ಒಂದೊಂದು ಪಾಪವನ್ನೂ ಹೆಸರಿಸಿ ಪ್ರಮಾಣಮಾಡಿ, ದೇವರು ಉತ್ತರ ಕೊಡಲೆಂದು ಕೇಳಿ ಯೋಬನು ಮಾತು ಮುಗಿಸುತ್ತಾನೆ. ಆ ಬಳಿಕ ಎಲೀಹು ಎಂಬ ಯುವಕನು ಆರು ಅಧ್ಯಾಯಗಳಷ್ಟು ಮಾತನಾಡುತ್ತಾನೆ. ಸಂಕಟವು ಶಿಕ್ಷೆ ಮಾತ್ರವಲ್ಲ, ಮನುಷ್ಯನನ್ನು ಎಚ್ಚರಿಸುವ ಶಿಕ್ಷಣವೂ ಹೌದು ಎಂಬುದು ಅವನ ವಾದ. ಈ ಭಾಗವನ್ನು ಅನೇಕ ವಿದ್ವಾಂಸರು ನಂತರದ ಸೇರ್ಪಡೆಯೆಂದು ಪರಿಗಣಿಸುತ್ತಾರೆ.

ದೇವರ ಮಾತು

38ನೆಯ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿನಿಂದ ಮಾತನಾಡುತ್ತಾನೆ. ಆದರೆ ಯೋಬನ ಪ್ರಶ್ನೆಗೆ ನೇರವಾದ ಉತ್ತರ ಅಲ್ಲಿ ದೊರೆಯುವುದಿಲ್ಲ. ಬದಲಾಗಿ ಪ್ರಶ್ನೆಗಳ ಸರಮಾಲೆಯೇ ಬರುತ್ತದೆ. ಭೂಮಿಗೆ ಅಸ್ತಿಭಾರ ಹಾಕಿದಾಗ, ಸಮುದ್ರಕ್ಕೆ ಎಲ್ಲೆ ಕಟ್ಟಿದಾಗ ಯೋಬನು ಎಲ್ಲಿದ್ದನು? ಹಿಮದ ಉಗ್ರಾಣಗಳನ್ನು ಅವನು ಕಂಡಿರುವನೇ? ಕಾಡುಮೇಕೆ ಈಯುವ ಕಾಲವನ್ನು ಬಲ್ಲನೇ? ಮನುಷ್ಯರೇ ಇಲ್ಲದ ಅಡವಿಯ ಮೇಲೆ ಮಳೆ ಸುರಿಯುವುದೂ ಕಾಡುಕತ್ತೆ, ಉಷ್ಟ್ರಪಕ್ಷಿ, ಹದ್ದುಗಳ ಬದುಕೂ ಇಲ್ಲಿ ವರ್ಣಿತವಾಗಿವೆ. ಕೊನೆಯಲ್ಲಿ ಬೆಹೆಮೋತ್ ಮತ್ತು ಲೆವಿಯಾತಾನ್ ಎಂಬ ಎರಡು ಭಯಂಕರ ಪ್ರಾಣಿಗಳ ವರ್ಣನೆ ಬರುತ್ತದೆ.

ಈ ಮಾತುಗಳ ಅರ್ಥದ ಬಗ್ಗೆ ಒಮ್ಮತವಿಲ್ಲ. ಮನುಷ್ಯನ ಅರಿವಿನ ಮಿತಿಯನ್ನು ಇವು ತೋರಿಸುತ್ತವೆ ಎಂಬುದು ಒಂದು ಅಭಿಪ್ರಾಯ. ಜಗತ್ತು ಮನುಷ್ಯನನ್ನೇ ಕೇಂದ್ರವಾಗಿಟ್ಟುಕೊಂಡು ರಚಿತವಾದದ್ದಲ್ಲ ಎಂಬುದೇ ಇವುಗಳ ತಾತ್ಪರ್ಯವೆಂಬುದು ಇನ್ನೊಂದು. ಉತ್ತರ ದೊರೆಯದಿದ್ದರೂ ದೇವರು ಎದುರಿಗೆ ಬಂದು ಮಾತನಾಡಿದ್ದೇ ಯೋಬನಿಗೆ ಸಾಕಾಯಿತು ಎಂಬುದು ಮೂರನೆಯದು. ಬಲವನ್ನು ತೋರಿಸಿ ಪ್ರಶ್ನೆಯನ್ನು ಅಡಗಿಸಲಾಗಿದೆ ಎಂಬ ಟೀಕೆಯೂ ಉಂಟು. ದೇವರು ಏನನ್ನು ಹೇಳಲಿಲ್ಲವೋ ಅದೂ ಗಮನಾರ್ಹ: ಆಸ್ಥಾನದಲ್ಲಿ ನಡೆದ ಪಂಥದ ಪ್ರಸ್ತಾಪ ಇಲ್ಲಿಲ್ಲ, ಸಂಕಟವು ಯೋಬನ ಪಾಪದ ಫಲವೆಂಬ ಮಾತೂ ಇಲ್ಲ.

ಸಮಾಪ್ತಿ

ಕೊನೆಯ ಅಧ್ಯಾಯದಲ್ಲಿ ದೇವರ ಕೋಪಕ್ಕೆ ಗುರಿಯಾಗುವವರು ಯೋಬನ ಮೂವರು ಗೆಳೆಯರು. ದೇವರ ಪರವಾಗಿ ವಾದಿಸಿದ ಅವರು ದೇವರನ್ನು ಕುರಿತು ಸರಿಯಾಗಿ ಮಾತನಾಡಲಿಲ್ಲವೆಂದೂ ಯೋಬನು ಸರಿಯಾಗಿ ಮಾತನಾಡಿದನೆಂದೂ ದೇವರೇ ತೀರ್ಪು ಕೊಡುತ್ತಾನೆ. ಯೋಬನು ಅವರಿಗಾಗಿ ಪ್ರಾರ್ಥಿಸುತ್ತಾನೆ. ಅವನ ಸಂಪತ್ತು ಎರಡರಷ್ಟಾಗಿ ಮರಳುತ್ತದೆ: 14,000 ಕುರಿಗಳು, 6,000 ಒಂಟೆಗಳು. ಮತ್ತೆ ಏಳು ಗಂಡುಮಕ್ಕಳೂ ಮೂರು ಹೆಣ್ಣುಮಕ್ಕಳೂ ಹುಟ್ಟುತ್ತಾರೆ. ಹೆಣ್ಣುಮಕ್ಕಳಿಗೂ ಅವನು ಸೋದರರೊಡನೆ ಆಸ್ತಿಯಲ್ಲಿ ಪಾಲು ಕೊಡುತ್ತಾನೆ. ಆ ಬಳಿಕ 140 ವರ್ಷ ಬಾಳುತ್ತಾನೆ. ಸತ್ತ ಮಕ್ಕಳು ಮಾತ್ರ ಮರಳುವುದಿಲ್ಲ. ಈ ಸುಖಾಂತವು ಗೆಳೆಯರ ಸಿದ್ಧಾಂತವನ್ನೇ ಹಿಂಬಾಗಿಲಿನಿಂದ ಒಳಗೆ ತರುತ್ತದೆಯೇ ಎಂಬುದು ವಿಮರ್ಶಕರ ನಡುವೆ ಚರ್ಚೆಯಲ್ಲಿರುವ ವಿಷಯ.

ಪಠ್ಯದ ತೊಡಕುಗಳು

ಗ್ರಂಥದ ಹೀಬ್ರೂ ಭಾಷೆ ಕಠಿಣವಾದದ್ದು. ಬೈಬಲ್ಲಿನಲ್ಲಿ ಬೇರೆಲ್ಲಿಯೂ ಕಾಣದ ಅನೇಕ ಪದಗಳು ಇದರಲ್ಲಿವೆ. ಪ್ರಾಚೀನ ಗ್ರೀಕ್ ಅನುವಾದವು ಮೂಲಕ್ಕಿಂತ ಸುಮಾರು ಆರನೆಯ ಒಂದು ಪಾಲಿನಷ್ಟು ಚಿಕ್ಕದು. ಮೂರನೆಯ ಸುತ್ತಿನ ವಾದದಲ್ಲಿ ಬಿಲ್ದದನ ಪಾಲಿಗೆ ಬರುವುದು ಆರೇ ವಚನಗಳು; ಚೋಫರನ ಮಾತು ಇಲ್ಲವೇ ಇಲ್ಲ. ದೇವರ ಮಾತಿಗೆ ಯೋಬನು ಕೊಡುವ ಕೊನೆಯ ಉತ್ತರವೂ (42:6) ಸಂದಿಗ್ಧವಾಗಿದೆ. ಅವನು ಪಶ್ಚಾತ್ತಾಪಪಟ್ಟನೆಂದು ಬಹುತೇಕ ಅನುವಾದಗಳು ಹೇಳುತ್ತವೆ. ಆದರೆ ಅಲ್ಲಿರುವ ಕ್ರಿಯಾಪದಕ್ಕೆ ಸಮಾಧಾನ ಹೊಂದು ಎಂಬ ಅರ್ಥವೂ ಉಂಟು.

ಕ್ರೈಸ್ತ ವ್ಯಾಖ್ಯಾನಗಳು

ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯು ಯೋಬನನ್ನು ತಾಳ್ಮೆಗೆ ಮಾದರಿಯೆಂದು ಸ್ಮರಿಸುತ್ತದೆ. ಆದರೆ ಗೆಳೆಯರ ಸಿದ್ಧಾಂತವನ್ನು ಒಪ್ಪದ ಪ್ರಸಂಗಗಳು ಯೇಸುವಿನ ಬೋಧನೆಯಲ್ಲಿಯೂ ಇವೆ. ಯೋಹಾನನ ಸುವಾರ್ತೆಯಲ್ಲಿ (ಅಧ್ಯಾಯ 9) ಹುಟ್ಟುಕುರುಡನೊಬ್ಬನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನ ಪಾಪವೂ ಅಲ್ಲ, ಅವನ ತಂದೆತಾಯಿಗಳ ಪಾಪವೂ ಅಲ್ಲವೆಂದು ಯೇಸು ಹೇಳುತ್ತಾನೆ. ಲೂಕನ ಸುವಾರ್ತೆಯಲ್ಲಿ (ಅಧ್ಯಾಯ 13) ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿರಲಿಲ್ಲವೆಂದು ಸ್ಪಷ್ಟಪಡಿಸುತ್ತಾನೆ.

6ನೆಯ ಶತಮಾನದ ಕೊನೆಯಲ್ಲಿ, ಮುಂದೆ ಪೋಪ್ ಆದ ಮಹಾ ಗ್ರೆಗೊರಿಯು ಯೋಬನ ಗ್ರಂಥಕ್ಕೆ 35 ಸಂಪುಟಗಳ ವ್ಯಾಖ್ಯಾನವನ್ನು ರಚಿಸಿದನು. ಅವನ ದೃಷ್ಟಿಯಲ್ಲಿ ಯೋಬನು ಕ್ರಿಸ್ತನ ಮತ್ತು ಸಭೆಯ ಮುನ್ಸೂಚಕ. ಮಧ್ಯಯುಗದಲ್ಲಿ ಬಹುಕಾಲ ಇದೇ ಪ್ರಮಾಣವಾಗಿತ್ತು. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಸಾಂಕೇತಿಕ ಅರ್ಥವನ್ನು ಬಿಟ್ಟು ವಾಚ್ಯಾರ್ಥಕ್ಕೆ ಒತ್ತುಕೊಟ್ಟು, ದೈವಸಂಕಲ್ಪವನ್ನು ಕುರಿತ ಚರ್ಚೆಯಾಗಿ ಗ್ರಂಥವನ್ನು ಓದಿದನು. ಧರ್ಮಸುಧಾರಕನಾದ ಜಾನ್ ಕ್ಯಾಲ್ವಿನನು 1554–55ರಲ್ಲಿ ಜಿನೀವಾ ನಗರದಲ್ಲಿ ಇದರ ಮೇಲೆ 159 ಪ್ರವಚನಗಳನ್ನು ನೀಡಿದನು.

ಆಧುನಿಕ ಕಾಲ

ದೇವರ ನ್ಯಾಯವನ್ನು ತರ್ಕದಿಂದ ಸಮರ್ಥಿಸುವ ಪ್ರಯತ್ನಕ್ಕೆ ‘ಥಿಯೋಡಿಸಿ’ ಎಂಬ ಹೆಸರನ್ನು ಕೊಟ್ಟವನು ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್. ಅವನ ಆ ಹೆಸರಿನ ಗ್ರಂಥ 1710ರಲ್ಲಿ ಪ್ರಕಟವಾಯಿತು. ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮವಾದದ್ದು ಎಂಬುದು ಅವನ ವಾದವಾಗಿತ್ತು. 1755ರ ನವೆಂಬರ್ 1ರಂದು, ಸರ್ವ ಸಂತರ ಹಬ್ಬದ ದಿನ ಬೆಳಿಗ್ಗೆ, ಜನರು ಇಗರ್ಜಿಗಳಲ್ಲಿ ಸೇರಿದ್ದ ವೇಳೆಯಲ್ಲಿ ಲಿಸ್ಬನ್ ನಗರದಲ್ಲಿ ಭೂಕಂಪವಾಗಿ ಸಾವಿರಾರು ಮಂದಿ ಸತ್ತರು. ಕೇಡಿಗೆ ಮನುಷ್ಯನ ಸ್ವತಂತ್ರ ಇಚ್ಛೆಯೇ ಕಾರಣವೆಂಬ, ಸಂತ ಆಗಸ್ಟೀನನ ಕಾಲದಿಂದ ಬಂದ ವಿವರಣೆಯು ಕೊಲೆ, ಯುದ್ಧಗಳಿಗೆ ಹೊಂದುವಷ್ಟು ಸುಲಭವಾಗಿ ಭೂಕಂಪಕ್ಕೆ ಹೊಂದುವುದಿಲ್ಲ. ಲೈಬ್ನಿಟ್ಸನ ಆಶಾವಾದವನ್ನು ವೋಲ್ಟೇರನು ತೀವ್ರವಾಗಿ ಟೀಕಿಸಿದನು. 1791ರಲ್ಲಿ ಇಮ್ಯಾನುಯೆಲ್ ಕಾಂಟನು ಥಿಯೋಡಿಸಿಯ ಪ್ರಯತ್ನಗಳೆಲ್ಲ ಸೋತಿವೆಯೆಂದು ವಾದಿಸಿ, ಯೋಬನನ್ನೇ ನಿದರ್ಶನವಾಗಿ ಕೊಟ್ಟನು. ಅವನ ಪ್ರಕಾರ ಗೆಳೆಯರದು ದೇವರನ್ನು ಮೆಚ್ಚಿಸುವ ಮಾತು, ಯೋಬನದು ಪ್ರಾಮಾಣಿಕವಾದ ಮಾತು.

ಪೆರು ದೇಶದ ಪಾದ್ರಿ ಗುಸ್ತಾವೊ ಗುಟಿಯೆರೆಸ್ 1986ರಲ್ಲಿ ಪ್ರಕಟಿಸಿದ ಕೃತಿಯಲ್ಲಿ 24ನೆಯ ಅಧ್ಯಾಯಕ್ಕೆ ವಿಶೇಷ ಮಹತ್ವ ದೊರೆಯಿತು. ತನ್ನ ನೋವಿನ ಮೂಲಕ ಬಡವರ ನೋವನ್ನು ಕಾಣಲು ಕಲಿತದ್ದೇ ಯೋಬನು ನಡೆದ ದಾರಿ ಎಂದು ಅವರು ವಿವರಿಸಿದರು.

ಹರಿಶ್ಚಂದ್ರನ ಕಥೆಯೊಡನೆ ಹೋಲಿಕೆ

ಕನ್ನಡ ಓದುಗರಿಗೆ ಯೋಬನ ಕಥೆಯು ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ನೆನಪಿಗೆ ತರುತ್ತದೆ. ಅಲ್ಲಿಯೂ ಇಂದ್ರನ ಸಭೆಯಲ್ಲಿ ವಸಿಷ್ಠ ಮತ್ತು ವಿಶ್ವಾಮಿತ್ರರ ನಡುವೆ ನಡೆದ ವಾದದಿಂದ ನಿರಪರಾಧಿಯಾದ ಅರಸನೊಬ್ಬನು ರಾಜ್ಯವನ್ನೂ ಹೆಂಡತಿ ಮಕ್ಕಳನ್ನೂ ಕಳೆದುಕೊಂಡು ಸುಡುಗಾಡಿನ ಕಾವಲುಗಾರನಾಗುತ್ತಾನೆ. ವ್ಯತ್ಯಾಸಗಳೂ ಮುಖ್ಯವಾದವು. ಹರಿಶ್ಚಂದ್ರನ ಪರೀಕ್ಷೆ ಸತ್ಯಪಾಲನೆಯದು. ಒಂದು ಸುಳ್ಳಾಡಿದರೆ ಪಾರಾಗುವ ದಾರಿ ಅವನಿಗೆ ತೆರೆದೇ ಇತ್ತು. ಯೋಬನಿಗೆ ಅಂತಹ ದಾರಿಯಿರಲಿಲ್ಲ. ಹರಿಶ್ಚಂದ್ರನ ಕಥೆಯಲ್ಲಿ ಸತ್ತ ಮಗ ಲೋಹಿತಾಶ್ವನು ಮತ್ತೆ ಬದುಕುತ್ತಾನೆ. ಯೋಬನಿಗೆ ಬೇರೆ ಮಕ್ಕಳು ಹುಟ್ಟುತ್ತಾರೆ. ತೀರಿಕೊಂಡ ಹತ್ತು ಮಕ್ಕಳನ್ನು ಕುರಿತು ಗ್ರಂಥದ ಸಮಾಪ್ತಿಯು ಏನನ್ನೂ ಹೇಳುವುದಿಲ್ಲ.