ಹಳೇ ಜಿಪ್ಸಿಗೆ ಹೊಸ ಬ್ಲೇಡು

ಸ್ಪೋರ್ಟ್ಸ್ ಕಾರು ಎಂದರೆ ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ, ಎರಡು ಬಾಗಿಲಿನ ಕೆಂಪು ಗಾಡಿ ಎಂದುಕೊಂಡವರು ಒಮ್ಮೆ ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೊರಟು, ದಾರಿಯಲ್ಲಿ ಯಾವುದಾದರೂ ತೋಟದ ಗೇಟಿನೊಳಗೆ ತಿರುಗಬೇಕು. ಅಂಥ ಕಾರು ಕಾಫಿ ಕಣ ಮುಟ್ಟುವುದರೊಳಗೆ ಸೈಲೆನ್ಸರ್ ಕಳಚಿಟ್ಟಿರುತ್ತದೆ. ಈ ಬೆಟ್ಟಗಳಲ್ಲಿ ಆ ಪಟ್ಟ ಮಾರುತಿ ಜಿಪ್ಸಿಗೆ ಸಂದು ದಶಕಗಳೇ ಆದವು. ವಾರವಿಡೀ ಗೊಬ್ಬರದ ಚೀಲ, ಸ್ಪ್ರಿಂಕ್ಲರ್ ಪೈಪು ಹೊತ್ತ ಗಾಡಿಯೇ ಭಾನುವಾರ ಆಟೋಕ್ರಾಸ್ ಓಟದ ಗೆರೆಯ ಮೇಲೆ ಗುರುಗುಟ್ಟುತ್ತ ನಿಂತಿರುತ್ತದೆ.

1985ರ ಕೊನೆಯಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಜಿಪ್ಸಿ, 1996ರಲ್ಲಿ 1.3 ಲೀಟರಿನ 'ಕಿಂಗ್' ಆಯಿತು. 2019ರ ಹೊತ್ತಿಗೆ ಸಾರ್ವಜನಿಕರಿಗೆ ಮಾರಾಟ ನಿಂತಿತು. ಮೂರು ದಶಕಕ್ಕೂ ಮಿಕ್ಕ ಈ ಅವಧಿಯಲ್ಲಿ ಬದಲಾಗದೆ ಉಳಿದದ್ದು ಅದರ ಕೆಳಗಿನ ಸಂಸಾರ: ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಗ್ಯಾರೇಜಿನ ಮಾತಿನಲ್ಲಿ ಬ್ಲೇಡ್ ಸೆಟ್. 2023ರಲ್ಲಿ ಬಂದ ಜಿಮ್ನಿಯಲ್ಲಿ ಆಕ್ಸಲ್ ಅದೇ ಗಟ್ಟಿ ಜಾತಿಯದು, ಸ್ಪ್ರಿಂಗ್ ಮಾತ್ರ ಸುರುಳಿ. ಜಿಪ್ಸಿಯಲ್ಲಿ ಕೂತು ಹೊರನಾಡಿಗೆ ಹೋಗಿಬಂದ ಅತ್ತೆಯವರು ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡಿದರೆ ಅದಕ್ಕೆ ಈ ಬ್ಲೇಡುಗಳೇ ಹೊಣೆ.

ಚಿಕ್ಕಮಗಳೂರಿಗೆ ರ‍್ಯಾಲಿ ಹೊಸದಲ್ಲ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತುಗಳು ಇಲ್ಲಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ನಡೆದಿವೆ. 2016ರ ನವೆಂಬರಿನಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಇಲ್ಲೇ ನಡೆದು ಗೌರವ್ ಗಿಲ್ ಸ್ಕೋಡಾ ಫಾಬಿಯಾದಲ್ಲಿ ಗೆದ್ದರು. ಬೇಲಿಯಾಚೆ ನಿಂತು ಧೂಳು ಕುಡಿದ ಹುಡುಗರಿಗೆ ಮನೆಯ ಶೆಡ್ಡಿನಲ್ಲಿದ್ದ ಜಿಪ್ಸಿಯ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಫಾಬಿಯಾದ ಒಂದು ಶಾಕ್ ಅಬ್ಸಾರ್ಬರಿನ ದುಡ್ಡಿನಲ್ಲಿ ಇಲ್ಲೊಂದು ಹಳೇ ಗಾಡಿಯನ್ನೇ ಎಬ್ಬಿಸಿ ನಿಲ್ಲಿಸಬಹುದು ಎನ್ನುವುದು ಬೇರೆ ಮಾತು.

ಎಬ್ಬಿಸಿ ನಿಲ್ಲಿಸುವ ಆ ಕಸುಬಿನ ಪರಿಚಯವೇ ಈ ಬರಹ. ಎಂಜಿನ್ ಮೇಸ್ತ್ರಿಗೆ ಸಿಗುವ ಮರ್ಯಾದೆ ಬ್ಲೇಡ್ ಕೆಲಸದವನಿಗೆ ಸಿಗುವುದಿಲ್ಲ. ಅವನ ಅಂಗಡಿಯಲ್ಲಿ ಕಂಪ್ಯೂಟರ್ ಇರುವುದಿಲ್ಲ. ಅಡಿಗಲ್ಲು, ದೊಡ್ಡ ಸುತ್ತಿಗೆ, ವೈಸು, ಮೂಲೆಯಲ್ಲಿ ತುಕ್ಕು ಹಿಡಿದ ಪಟ್ಟಿಗಳ ರಾಶಿ. ಆದರೆ ಒಳ್ಳೆಯ ಕೆಲಸಗಾರ ಗಾಡಿಯ ಕೆಳಗೆ ತೂರುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾನೆ: "ಗೌಡ್ರೇ, ಗಾಡೀಲಿ ಏನ್ ಹೇರ್ತೀರಿ?" ನನ್ನ ಪ್ರಕಾರ ಇಡೀ ವಿದ್ಯೆ ಇರುವುದು ಆ ಪ್ರಶ್ನೆಯಲ್ಲಿ. ಅದನ್ನು ಕೇಳದೆ ಬೆಲೆ ಹೇಳುವವನ ಅಂಗಡಿಯಿಂದ ಗಾಡಿ ಹಿಂದಕ್ಕೆ ತೆಗೆದುಕೊಳ್ಳುವುದು ಕ್ಷೇಮ.

ಏಕೆಂದರೆ ಸ್ಪ್ರಿಂಗಿನ ಕೆಲಸ ಭಾರ ಹೊರುವುದು, ಶಾಕಿನ ಕೆಲಸ ಕುಣಿತ ನಿಲ್ಲಿಸುವುದು. ಇವೆರಡನ್ನೂ ಒಂದೇ ಎಂದುಕೊಂಡು ಜನ ಎಷ್ಟು ದುಡ್ಡು ಕಳೆಯುತ್ತಾರೋ ಲೆಕ್ಕವಿಲ್ಲ. ಹಿಂಭಾಗ ಕುಸಿದಿದೆ ಎಂದು ಹೊಸ ಶಾಕ್ ಹಾಕಿಸಿದರೆ ಗಾಡಿ ಒಂದಿಂಚೂ ಏಳುವುದಿಲ್ಲ. ಹಳ್ಳಕ್ಕೆ ಬಿದ್ದಾಗ ಮೂರು ಸಲ ತೂಗಾಡುತ್ತದೆ ಎಂದು ಬ್ಲೇಡ್ ಸೇರಿಸಿದರೆ ತೂಗಾಟದ ಜೊತೆಗೆ ಕುಲುಕಾಟವೂ ಸೇರಿಕೊಳ್ಳುತ್ತದೆ.

ಆದ್ದರಿಂದ ಮೊದಲು ಅಳತೆ. ಕಾಫಿ ಒಣಗಿಸುವ ಕಣಕ್ಕಿಂತ ಸಮತಟ್ಟಾದ ಜಾಗ ಈ ಸೀಮೆಯಲ್ಲಿ ಸಿಗದು. ಅಲ್ಲಿ ಗಾಡಿ ನಿಲ್ಲಿಸಿ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿಯಬೇಕು. ಎಡಬಲದಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಒಂದು ಕಡೆಯ ಸೆಟ್ ಸೋತಿದೆ, ಇಲ್ಲವೇ ಒಳಗೆಲ್ಲೋ ಬ್ಲೇಡು ಮುರಿದಿದೆ. ಆಮೇಲೆ ಮೂಲೆಯೊಂದನ್ನು ಬಲವಾಗಿ ಅದುಮಿ ಬಿಡಿ. ಮೇಲೆದ್ದು ಅಲ್ಲೇ ನಿಂತರೆ ಶಾಕಿಗೆ ಇನ್ನೂ ಜೀವವಿದೆ. ಕುಣಿಯುತ್ತಲೇ ಇದ್ದರೆ, ಅಥವಾ ಶಾಕಿನ ಮೈ ಎಣ್ಣೆಯಲ್ಲಿ ನೆನೆದು ಅದಕ್ಕೆ ಧೂಳು ಅಂಟಿದ್ದರೆ, ಅದರ ಕತೆ ಮುಗಿದಿದೆ. ಬ್ಲೇಡಿನ ಕಣ್ಣಿನಲ್ಲಿರುವ ರಬ್ಬರ್ ಬುಶ್, ಶಾಕಲ್ ಪಿನ್ ಇವನ್ನೂ ಕಬ್ಬಿಣದ ಸಲಾಕೆ ಹಾಕಿ ಮೀಟಿ ನೋಡಬೇಕು. ಸ್ಪ್ರಿಂಗ್ ಹೋಯಿತು ಎಂದು ಬಂದ ಗಾಡಿಗೆ ಬುಶ್ಶೊಂದೇ ಹೋಗಿರುವುದು ಅಪರೂಪವಲ್ಲ, ಮತ್ತು ಎಲ್ಲಕ್ಕಿಂತ ಅಗ್ಗದ ರಿಪೇರಿ ಅದೇ.

ಬ್ಲೇಡೇ ಸೋತಿದ್ದರೆ ದಾರಿ ಮೂರು. ಒಂದು, ಹಳೆಯದನ್ನೇ ಕಳಚಿ ಸುತ್ತಿಗೆಯಲ್ಲಿ ತಣ್ಣಗೆ ಬಡಿದು ಮತ್ತೆ ಬಾಗು ಕೊಡುವುದು. ತೀರಾ ಅಗ್ಗ, ಆದರೆ ಬಾಳಿಕೆ ಕಡಿಮೆ. ಮುಂದಿನ ಕೊಯ್ಲಿನ ಹೊತ್ತಿಗೆ ಗಾಡಿ ಮತ್ತೆ ಕುಕ್ಕರಿಸಿರುತ್ತದೆ. ಎರಡು, ಕುಲುಮೆಯಲ್ಲಿ ಕಾಯಿಸಿ ಹದ ಹಾಕಿಸುವುದು. ಸಿಲಿಕಾನ್ ಬೆರೆತ ಈ ಸ್ಪ್ರಿಂಗ್ ಉಕ್ಕನ್ನು 850 ಡಿಗ್ರಿ ದಾಟುವಂತೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು, ಮತ್ತೆ 400ರಿಂದ 500 ಡಿಗ್ರಿಯಷ್ಟು ಕಾಯಿಸಿ ಬಿಗು ಇಳಿಸಬೇಕು. ಮೊದಲನೆಯದನ್ನಷ್ಟೇ ಮಾಡಿ ಬಿಟ್ಟರೆ ಬ್ಲೇಡು ಗಾಜಿನ ಹಾಗೆ ಸಿಡಿಯುತ್ತದೆ. ಗ್ಯಾಸ್ ಕಟರಿನ ಬೆಂಕಿ ಹಿಡಿದು ಬಗ್ಗಿಸುವುದು, ಮುರಿದದ್ದಕ್ಕೆ ವೆಲ್ಡಿಂಗ್ ಮಾಡುವುದು ಇವೆರಡೂ ಹದಗೆಡಿಸುವ ಕೆಲಸಗಳು. ಚಾರ್ಮಾಡಿ ತಿರುವಿನಲ್ಲಿ ಮೇನ್ ಬ್ಲೇಡ್ ಬಿಟ್ಟುಕೊಂಡರೆ ಆಕ್ಸಲ್ಲೇ ಓರೆಯಾಗುತ್ತದೆ. ಮೂರನೆಯ ದಾರಿ ಹೊಸ ಸೆಟ್. ಮಾರುಕಟ್ಟೆಯಲ್ಲಿ ಬ್ಲೇಡು ತೂಕದ ಲೆಕ್ಕದಲ್ಲೂ ಸಿಗುತ್ತದೆ. ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಗೆ ಹೋಗಿಬರುವ ಬಸ್ ಚಾರ್ಜು ಸೇರಿಸಿಕೊಂಡರೂ ಪರವಾಗಿಲ್ಲ ಎನ್ನುವವರಿದ್ದಾರೆ. ಒಂದು ಕಡೆಗಷ್ಟೇ ಹೊಸದು ಹಾಕುವುದು ಮಾತ್ರ ಉಳಿತಾಯವಲ್ಲ. ಜೋಡಿಯಾಗಿಯೇ ಬದಲಾಯಿಸಬೇಕು.

ಹೊಸ ಸೆಟ್ ಎಂದಾಗ ಎಲ್ಲರಿಗೂ ದಪ್ಪನೆಯದರ ಮೇಲೆ ಆಸೆ. ಇಲ್ಲೊಂದು ಲೆಕ್ಕ ಗೊತ್ತಿರಬೇಕು. ಬ್ಲೇಡಿನ ಬಿಗಿ ಅದರ ದಪ್ಪದ ಘನದಂತೆ ಏರುತ್ತದೆ. ಆರು ಮಿಲಿಮೀಟರಿನ ಜಾಗಕ್ಕೆ ಏಳರದ್ದು ಬಂದರೆ ಆ ಬ್ಲೇಡು ಸುಮಾರು ಶೇ 59ರಷ್ಟು ಬಿಗಿ. ಕಣ್ಣಿಗೆ ಕಾಣುವುದು ಒಂದೇ ಮಿಲಿಮೀಟರ್, ಬೆನ್ನಿಗೆ ಗೊತ್ತಾಗುವುದು ಒಂದೂವರೆ ಪಾಲು. ಹೊರನಾಡಿನಿಂದ ಕ್ಯಾತನಮಕ್ಕಿಗೆ, ಅತ್ತಿಗುಂಡಿ ಕಡೆಯಿಂದ ಝರಿ ಫಾಲ್ಸಿಗೆ ಪ್ರವಾಸಿಗರನ್ನು ತುಂಬಿಕೊಂಡು ಹತ್ತುವ ಬಾಡಿಗೆ ಜೀಪಿಗೆ ಬಿಗಿ ಸೆಟ್ ಬೇಕು, ಅದು ಖಾಲಿ ಇರುವುದೇ ಅಪರೂಪ. ಐವತ್ತು ಕೆಜಿಯ ಹತ್ತು ಮೂಟೆ ಕಾಫಿ ಚೆರ್ರಿಯನ್ನು ವರ್ಷಕ್ಕೆ ಆರೇಳು ಸಲ ಸಾಗಿಸಿ, ಮಿಕ್ಕ ದಿನ ಒಬ್ಬರೇ ಓಡಾಡುವವರು ಅದೇ ಸೆಟ್ ಹಾಕಿಸಿಕೊಂಡರೆ ಗಾಡಿ ಪ್ರತಿ ಕಲ್ಲಿಗೂ ಹಾರುತ್ತದೆ. ಹಾರಿದ ಚಕ್ರಕ್ಕೆ ಹಿಡಿತವಿಲ್ಲ. ಆಟೋಕ್ರಾಸ್ ಹುಡುಗರು ಇದನ್ನು ಬೇಗ ಕಲಿತರು, ಅವರಲ್ಲಿ ಕೆಲವರು ಒಂದು ಬ್ಲೇಡು ತೆಗೆದೇ ಓಡಿಸುತ್ತಾರೆ. ತೆಗೆಯುವುದಾದರೆ ಮೇನ್ ಬ್ಲೇಡಿಗೂ ಅದರ ಕಣ್ಣನ್ನು ತಬ್ಬಿ ಕಾಯುವ ಎರಡನೆಯದಕ್ಕೂ ಕೈ ಹಚ್ಚಬಾರದು. ಹಾಗೆ ಹಗುರ ಮಾಡಿದ ಗಾಡಿಯಲ್ಲಿ ಮರುದಿನ ಗೊಬ್ಬರ ಹೇರುವುದೂ ಕೂಡದು.

ಶಾಕಿನ ಆಯ್ಕೆಯಲ್ಲಿ ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಕಡಿಮೆಯಿದ್ದರೆ ಬ್ಲೇಡಿನಲ್ಲಿ ಉಳಿಸಿ, ಶಾಕಿನಲ್ಲಿ ಖರ್ಚು ಮಾಡಿ. ಶಾಕಿನೊಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಕುಣಿತವೆಲ್ಲ ಬಿಸಿಯಾಗಿ ಕರಗುತ್ತದೆ. ಕಲ್ಲುದಾರಿಯಲ್ಲಿ ಒಂದೇ ಸಮನೆ ಓಡಿಸಿದರೆ ಎಣ್ಣೆ ಕಾದು ತೆಳ್ಳಗಾಗುತ್ತದೆ, ಗಾಳಿ ಬೆರೆತು ನೊರೆಗಟ್ಟುತ್ತದೆ. ಹೊರಡುವಾಗ ಚೆನ್ನಾಗಿದ್ದ ಗಾಡಿ ಹತ್ತು ಕಿಲೋಮೀಟರಿನ ಆಮೇಲೆ ಈಜಾಡತೊಡಗುವುದು ಇದರಿಂದ. ನೈಟ್ರೋಜನ್ ತುಂಬಿದ ಗ್ಯಾಸ್ ಶಾಕುಗಳಲ್ಲಿ ಈ ನೊರೆ ಕಡಿಮೆ. ಬಿಲ್‌ಸ್ಟೈನ್, ಓಲ್ಡ್ ಮ್ಯಾನ್ ಎಮು ಎಂದು ಕನಸು ಕಾಣಬೇಕಿಲ್ಲ. 1961ರಿಂದ ಇರುವ ಗೇಬ್ರಿಯಲ್‌ನಂಥ ದೇಶಿ ಕಂಪನಿಗಳ ಮಾಲು ತೋಟದ ಕೆಲಸಕ್ಕೆ ಸಾಕು. ವಾಹನ ಕಂಪನಿಗೆ ಪೂರೈಸುವ ಕಾರ್ಖಾನೆ ಅದೇ ಬಗೆಯ ಶಾಕನ್ನು ತನ್ನ ಡಬ್ಬಿಯಲ್ಲೂ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು. ಗಾಡಿ ಎತ್ತರಿಸಿದವರು ಮಾತ್ರ ಶಾಕಿನ ಉದ್ದ ಅಳೆಯದೆ ಕೊಳ್ಳಬಾರದು. ಗಿಡ್ಡವಾದರೆ ಚಕ್ರ ಇಳಿದಾಗ ಶಾಕೇ ಹಗ್ಗದಂತೆ ಜಗ್ಗಿ ಕಿತ್ತುಬರುತ್ತದೆ.

ಎಸ್ಟೀಮ್, ಪಾಲಿಯೋದಂಥ ಹಳೇ ರ‍್ಯಾಲಿ ಕಾರುಗಳನ್ನು ಇಟ್ಟುಕೊಂಡವರ ಗೋಳು ಬೇರೆ. ಅವು ಸುರುಳಿ ಸ್ಪ್ರಿಂಗಿನವು. ಸುರುಳಿಯನ್ನು ಒಂದು ಸುತ್ತು ಕತ್ತರಿಸಿ ತಗ್ಗಿಸುವ ಚಟವೊಂದಿದೆ. ಕತ್ತರಿಸಿದಷ್ಟೂ ಅದು ಬಿಗಿಯಾಗುತ್ತದೆ, ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ರ‍್ಯಾಲಿಯಿಂದ ನಿವೃತ್ತವಾದ ಕಾರಿನ ಶಾಕ್ ಸೆಟ್ಟನ್ನು, ಬಿಚ್ಚಿ ಸೀಲು ಮತ್ತು ಎಣ್ಣೆ ಬದಲಿಸುವಂಥದ್ದಾದರೆ, ಧೈರ್ಯವಾಗಿ ಕೊಳ್ಳಬಹುದು. ಜೊತೆಗೆ ಕೊಡುವ ಸ್ಪ್ರಿಂಗಿನ ಬಗ್ಗೆ ಎಚ್ಚರ; ಅದು ಸೀಟು ಕಿತ್ತ ಖಾಲಿ ಡಬ್ಬಿಗೆಂದು, ಜಿಗಿತಗಳಿಗೆಂದು ಆರಿಸಿದ್ದು. ಮನೆಮಂದಿ ಕೂತು ಹೋಗುವ ಕಾರಿಗಲ್ಲ.

ಕೆಎ 18 ನೋಂದಣಿಯ ಹಳೇ ಗಾಡಿಯವರಿಗೆ ಇನ್ನೊಂದು ಮಾತು. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಲು ಆರ್‌ಟಿಒ ತಪಾಸಣೆ, ಆಮೇಲೆ ಐದೈದು ವರ್ಷಕ್ಕೊಮ್ಮೆ. ತಯಾರಕರು ಕೊಟ್ಟ ಸ್ವರೂಪವನ್ನು ಮಾಲೀಕರು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಆಕ್ಸಲ್ಲಿನ ಕೆಳಗಿದ್ದ ಬ್ಲೇಡನ್ನು ಮೇಲೆ ಕೂರಿಸಿ ಜಿಪ್ಸಿಯನ್ನು ಐದಿಂಚು ಎತ್ತುವವರು ಪೇಟೆಯಲ್ಲಿ ಫೋಟೊ ಹೊಡೆಸಿಕೊಳ್ಳಬಹುದು, ತಪಾಸಣೆಯ ದಿನ ಬೆವರುತ್ತಾರೆ. ತೋಟಕ್ಕಂತೂ ಆ ಎತ್ತರ ಬೇಕಿಲ್ಲ.

ಕೆಲಸಕ್ಕೆ ಸಕಾಲ ಏಪ್ರಿಲ್, ಮೇ. ಹೂಮಳೆ ಮುಗಿದಿರುತ್ತದೆ, ಮುಂಗಾರು ಹಿಡಿದಿರುವುದಿಲ್ಲ, ಕೊಯ್ಲಿನ ದುಡ್ಡೂ ಸ್ವಲ್ಪ ಉಳಿದಿರುತ್ತದೆ. ಬ್ಲೇಡುಗಳನ್ನು ಬಿಡಿಸಿ ತುಕ್ಕು ಕೆರೆದು ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿಸಿದರೆ ಮಳೆಗಾಲ ಕಳೆಯುತ್ತದೆ. ಹಳೇ ಎಂಜಿನ್ ಆಯಿಲ್ ಸುರಿದರೆ ಕೆಸರು ಸೇರಿ ಮರಳುಕಾಗದವಾಗುತ್ತದೆ. ಬ್ಲೇಡನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಹೊಸದೇ ಹಾಕಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ. ಅದು ಸಡಿಲವಾದರೆ ಸೆಂಟರ್ ಬೋಲ್ಟ್ ತುಂಡಾಗುವುದು ಖಂಡಿತ. ಬಿಲ್ಲು ಕೊಟ್ಟು ಹೊರಡುವಾಗ ಕಳಚಿದ ಬ್ಲೇಡುಗಳನ್ನು ಮಾತ್ರ ಕೇಳಿ ತೆಗೆದುಕೊಳ್ಳಿ. ನೆರಳುಮರ ಸವರುವ ಮರಗಸಿಗೆ ಬೇಕಾದ ಒಳ್ಳೆಯ ಕತ್ತಿಗೆ ಕಮ್ಮಾರರು ಹುಡುಕುವುದು ಅದೇ ಉಕ್ಕನ್ನು, ಒಂದು ಸೆಟ್ಟಿನಲ್ಲಿ ತೋಟದ ಆಳುಗಳಿಗೆಲ್ಲ ಆಗುತ್ತದೆ.